ಬಾಯ್ಲರ್ ಮೇಲೆ ಬರೆದಿದ್ದ ಮಾತು

ಶುಕ್ರವಾರ, 14 ಫೆಬ್ರವರಿ 2025, ಬೆಳಿಗ್ಗೆ 8.10. ಮರಾಠಿ ಸೀಮೆಯ ದೇವಳಾಲಿ ಕ್ಯಾಂಪ್ ಬಳಿಯ ಪೊಲೀಸ್ ಠಾಣೆಗೆ ಹೋಟೆಲ್ ಮಾಲೀಕ ಉಮಾನಾಥ ಶೆಟ್ಟರು ಏದುಸಿರು ಬಿಡುತ್ತ ಬಂದರು. ತಮ್ಮ ತೋಟದಲ್ಲಿ ಪುಟ್ಟ ಹಳಿ ಹಾಕಿಸಿ, ಗುಜರಿ ಸೇರಿದ್ದ ಎಂಬತ್ತು ವರ್ಷದ ಉಗಿ ಎಂಜಿನ್ನಿಗೆ ಮೂರು ವರ್ಷದಿಂದ ಜೀವ ತುಂಬಿಸುತ್ತಿದ್ದವರು ಅವರು. ಭಾನುವಾರ ಮೊದಲ ಓಟ. ಅರವತ್ತು ಶಾಲಾ ಮಕ್ಕಳು ಹತ್ತುವವರಿದ್ದರು.

“ಸೇಫ್ಟಿ ವಾಲ್ವ್ ಕಳವಾಗಿದೆ ಸಾರ್. ಉಗಿ ಹೆಚ್ಚಾದರೆ ಹೊರಗೆ ಬಿಡುದು ಅದೇ. ಅದಿಲ್ಲದೆ ಬೆಂಕಿ ಹಾಕ್ಲಿಕ್ಕೇ ಆಗುದಿಲ್ಲ.”

“ಎಲ್ಲಿಂದ ತಂದಿದ್ರಿ?” ಇನ್‌ಸ್ಪೆಕ್ಟರ್ ಕೇಳಿದ.

“ಖುಲ್ತಾಬಾದಿನ ಹಳೆ ಸಾಮಾನಿನ ವ್ಯಾಪಾರಿಯಿಂದ. ಎರಡು ಜೊತೆ ಚಕ್ರ ಕೊಟ್ಟು ಬದಲಿಗೆ ತಕೊಂಡದ್ದು.”

FIR ದಾಖಲಾಯಿತು. ಇನ್‌ಸ್ಪೆಕ್ಟರ್ ಶಿವಕಾಂತ ಸೊಲ್ಲಾಪುರದ ಕನ್ನಡ ಮನೆತನದವನು, ಚಿಕ್ಕಂದಿನಿಂದ ರೈಲಿನ ಹುಚ್ಚು. ಕಳವಿನ ತನಿಖೆಗೆ ಹೊರಟವನು ಮದುವೆಗೆ ಹೊರಟಂತೆ ಸಡಗರದಿಂದ ಜೀಪು ಹತ್ತಿದ.

9.05ಕ್ಕೆ ಶೆಡ್ಡಿನಲ್ಲಿ ಪಂಚನಾಮೆ. ಬೀಗ ಮುರಿದಿಲ್ಲ. ವಾಲ್ವ್ ಇದ್ದ ಜಾಗದ ಪಕ್ಕ, ಬಾಯ್ಲರ್ ಮೇಲೆ, ಸೀಮೆಸುಣ್ಣದಲ್ಲಿ ನಾಗರಿ ಅಕ್ಷರ. ಮರಾಠಿ ಓದಿದ ಕಾನ್‌ಸ್ಟೆಬಲ್ ಪ್ರಜ್ಞಾ “ಬ್ಯಾಡ್” ಎಂದು ಓದಿದಳು. ಯಾರೋ ಇಂಗ್ಲಿಷಿನಲ್ಲಿ ಬೈದಿದ್ದಾರೆಂದು ಬರೆದುಕೊಂಡು, ಇಂಗ್ಲಿಷ್ ಬಲ್ಲ ಹಳೆ ಸಾಮಾನಿನ ಸಂಗ್ರಾಹಕರಿಗೆಲ್ಲ ಫೋನು ಮಾಡಿದ್ದಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಒಂದು ತಾಸು ಹೋಯಿತು.

10.20ಕ್ಕೆ ಶಿವಕಾಂತ ಅದನ್ನು ಇನ್ನೊಮ್ಮೆ, ಮರಾಠಿಯವರಂತೆ ಕೊನೆಯ ಅಕಾರ ನುಂಗದೆ ಓದಿದ. “ಬ್ಯಾಡ್ ಅಲ್ಲ ಪ್ರಜ್ಞಾ. ಬ್ಯಾಡ. ನಮ್ಮ ಕಡೆ ಕನ್ನಡ.” ಶೆಟ್ಟರತ್ತ ತಿರುಗಿದ. “ನೀವು ಹ್ಯಾಂಗ ಅಂತೀರಿ?”

“ನಾವು ಬೇಡ ಅಂತೇವೆ ಸಾರ್.”

“ಬ್ಯಾಡ ಅನ್ನೋರು ಇಲ್ಲಿ ಯಾರು?”

ಶೆಟ್ಟರ ಮುಖ ಇಳಿಯಿತು. “ನಮ್ಮ ಫಿಟ್ಟರ್ ಮಲ್ಲಿನಾಥ. ಕಲಬುರಗಿಯವರ ಮಗ, ಓದಿದ್ದು ಇಲ್ಲೇ ಮರಾಠಿ ಶಾಲೆಯಲ್ಲಿ. ಇವತ್ತು ರಜೆ.”

ಮಲ್ಲಿನಾಥನ ಮೊಬೈಲು ಸಂಭಾಜಿನಗರದ ಚಿಕಲಠಾಣಾ ತೋರಿಸುತ್ತಿತ್ತು. ಜೀಪು ನಾಲ್ಕು ತಾಸು ಓಡಿತು. ಮಧ್ಯಾಹ್ನ 2.50ಕ್ಕೆ ಅಲ್ಲಿನ ಕೈಗಾರಿಕಾ ವಸಾಹತಿನ ಒಂದು ವರ್ಕ್‌ಶಾಪಿನಲ್ಲಿ ಅವನು ಸಿಕ್ಕ. ಒತ್ತಡ ಪರೀಕ್ಷಿಸುವ ಯಂತ್ರಕ್ಕೆ ವಾಲ್ವ್ ಬಿಗಿದಾಗಿತ್ತು.

“ತೊಗೊಂಡವ ನೀನೇನು?”

“ನಾನೇರಿ ಸಾಹೇಬ್ರ. ಓಡಿ ಹೋಗಂಗಿಲ್ರಿ. ಐದು ಮಿನಿಟ್ ನಿಂದರ್ರಿ.”

ಶಿವಕಾಂತ ನಿಂತ. ಒತ್ತಡ ಹತ್ತಕ್ಕೆ ಏರಿದಾಗ ವಾಲ್ವ್ ತಾನೇ ತೆರೆಯಬೇಕಿತ್ತು. ಮುಳ್ಳು ಹತ್ತು ದಾಟಿತು, ಹನ್ನೆರಡು ದಾಟಿತು. ಹದಿನಾಲ್ಕಕ್ಕೆ ವರ್ಕ್‌ಶಾಪಿನವನೇ ಹೆದರಿ ಯಂತ್ರ ನಿಲ್ಲಿಸಿದ. ವಾಲ್ವ್ ತೆರೆಯಲೇ ಇಲ್ಲ.

“ಇದು ಅಂಟಿಕೊಂಡದರಿ ಅಂತ ಮೂರು ಸಲ ಹೇಳ್ದೆ. ಶೆಟ್ರು, ಆಮಂತ್ರಣ ಹಂಚ್ಯಾಗ್ಯದ, ನೀ ಕೂಡಿಸದಿದ್ರ ಬ್ಯಾರೆಯವರು ಕೂಡಸ್ತಾರ ಅಂದ್ರು. ಮತ್ತೇನ್ ಮಾಡ್ಲಿರಿ?”

3.25ಕ್ಕೆ ಬಂಧನ. ಕಳವು ಕಳವೇ, ಆದರೆ ಮಲ್ಲಿನಾಥನ ಹೇಳಿಕೆಯ ಜೊತೆಗೆ ಶಿವಕಾಂತ ಪರೀಕ್ಷಾ ವರದಿಯನ್ನೂ ಲಗತ್ತಿಸಿದ. ಮಾಲೀಕನ ವಸ್ತು ಕದ್ದವನಿಗೆ ಅದರಿಂದ ಆಗಬೇಕಾದ ಲಾಭ ಏನೂ ಇರಲಿಲ್ಲ, ಮಕ್ಕಳು ಆ ಗಾಡಿ ಹತ್ತಬಾರದು ಅಷ್ಟೇ.

ಫೋನಿನಲ್ಲಿ ವಿಷಯ ತಿಳಿದ ಶೆಟ್ಟರು ಇಷ್ಟೇ ಕೇಳಿದರು:

“ಮಲ್ಲಿನಾಥನದ್ದು ಊಟ ಆಯ್ತಾ ಸಾರ್?”