ಎಂಟು ಟೋನ್‌ಗಳೂ ಒಟ್ಟಿಗೆ ಕುಣಿದಾಗ

“ಫೇಲ್!”

ಅವನ ಮುಖ ನೋಡದೆಯೇ ಹೇಳಿಬಿಟ್ಟಳು. ನೋಡಿದ್ದರೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ!

ಲ್ಯಾಬಿನಲ್ಲಿ ಅವಳಿಗೆ ‘ಕತ್ತರಿ’ ಎಂದೇ ಅಡ್ಡಹೆಸರು. ಯಾರು ಏನೇ ತಯಾರಿಸಿ ತಂದರೂ ಪರೀಕ್ಷಿಸಿ, ತಪ್ಪಿದ್ದರೆ ಮುಲಾಜಿಲ್ಲದೆ ಕತ್ತರಿಸುವವಳು. ಇವತ್ತು ಮೇಜಿನ ಮೇಲಿದ್ದದ್ದು ಅವನ ಆಂಪ್ಲಿಫೈಯರ್, ಒಂದು ವರ್ಷದ ಬೆವರು. ಅದು ಪಾಸಾಗದಿದ್ದರೆ ಸಂಜೆಯೇ ಅವನಿಗೆ ದೂರದ ಶಾಖೆಗೆ ವರ್ಗ ಎಂದು ಚೀಫ್ ಹೇಳಿಯಾಗಿತ್ತು.

“ಏನಾಗಿದೆ ಅದಕ್ಕೆ?” ಅವನ ದನಿ ಮೆತ್ತಗಿತ್ತು.

ಅವಳು ಪರದೆಯತ್ತ ಬೆರಳು ಮಾಡಿದಳು. ಸಿಗ್ನಲ್ ಜನರೇಟರ್‌ನಿಂದ ಎಂಟು ಟೋನ್‌ಗಳನ್ನು, ಅಂದರೆ ಎಂಟು ಬೇರೆ ಬೇರೆ ಸ್ವರಗಳನ್ನು, ಒಟ್ಟಿಗೆ ಕಳಿಸಿದ್ದಳು. ನಡುವೆ ಒಂದು ಟೋನ್‌ನ ಜಾಗ ಬೇಕೆಂದೇ ಖಾಲಿ ಬಿಟ್ಟಿದ್ದಳು. ಆಂಪ್ಲಿಫೈಯರ್ ಒಳ್ಳೆಯದಾದರೆ ಆ ಜಾಗ ಖಾಲಿಯೇ ಉಳಿಯಬೇಕು. ಇಲ್ಲಿ ನೋಡಿದರೆ ಹಿತ್ತಲಲ್ಲಿ ಕಳೆ ಬೆಳೆದ ಹಾಗೆ ಬೇಡದ್ದೆಲ್ಲ ತುಂಬಿಕೊಂಡಿತ್ತು.

“ನೀವು ಹೇಳಿದ್ಮೇಲೆ ಮುಗೀತು,” ಎಂದು ಹೊರಟವನು ಬಾಗಿಲಲ್ಲಿ ನಿಂತ. “ಒಂದು ಮಾತು ಕೇಳ್ಲಾ? ಬೇರೆಯವರದ್ದು ಫೇಲಾದ್ರೆ ಇನ್ನೊಂದ್ಸಲ ನೋಡ್ತೀರ. ನನ್ನ ಕಂಡ್ರೆ ಮಾತ್ರ ಯಾಕೆ ಅಷ್ಟು ಆಗಲ್ಲ?”

ಉತ್ತರಕ್ಕೆ ಕಾಯದೆ ಹೋಗಿಬಿಟ್ಟ.

ಆಗಲ್ಲವಂತೆ! ‘ಇವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನನ್ನ ಎದೆ ಡವಡವ ಅನ್ನುತ್ತೆ... ಇನ್ನೊಂದು ಸಲ ನೋಡಿದ್ದರೆ ಪಕ್ಷಪಾತ ಅನ್ನುತ್ತಿರಲಿಲ್ಲವೇ ಜನ?’ ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಅಕ್ಕನ ಫೋನು.

“ಏನೇ, ಅವನ ಹತ್ರ ಮನಸ್ಸು ಬಿಚ್ಚಿ ಹೇಳಿದ್ಯಾ?”

“ಫೇಲ್ ಮಾಡ್ಬಿಟ್ಟೆ ಅಕ್ಕಾ...”

“ನಿನ್ನ ತಲೆ! ಪ್ರೀತಿಸೋನನ್ನ ಯಾರಾದ್ರೂ... ಏಯ್! ಎಲ್ರೂ ಒಟ್ಟಿಗೆ ಕುಣೀಬೇಡ್ರೋ! ಮಂಚ ಮುರಿಯುತ್ತೆ! ಒಬ್ಬೊಬ್ರಾಗಿ ಹಾರಿ!”

ಅಕ್ಕನ ಹಿಂದೆ ಮಕ್ಕಳ ಧಡಬಡ. ಕಣ್ಣೊರೆಸುತ್ತಿದ್ದವಳು ಹಾಗೇ ನಿಂತಳು.

ಒಟ್ಟಿಗೆ...?

ಜನರೇಟರ್ ಕಡೆ ತಿರುಗಿದಳು. ಬೆಳಿಗ್ಗೆ ಸಿಗ್ನಲನ್ನು ಹೊಸದಾಗಿ ಹೊಂದಿಸುವಾಗ ಪ್ರತಿ ಟೋನ್‌ಗೂ ಬಲ ಎಷ್ಟೆಂದು ಕೊಟ್ಟಿದ್ದಳು. ಯಾವುದು ಯಾವಾಗ ಏರಬೇಕೆಂದು ಹೇಳುವ ಫೇಸ್ ಕೊಡುವುದೇ ಮರೆತಿತ್ತು. ಎಂಟಕ್ಕೂ ಸೊನ್ನೆ! ಎಂಟೂ ಒಂದೇ ಗಳಿಗೆಯಲ್ಲಿ ಎದ್ದು ಆ ಬಡಪಾಯಿ ಆಂಪ್ಲಿಫೈಯರ್ ಮೇಲೆ ಧೊಪ್ಪೆಂದು ಬಿದ್ದಿದ್ದವು. ಯಾವ ಮಂಚ ತಾನೇ ತಡೆದೀತು?

“ಅಕ್ಕಾ, ನಿನ್ನ ಮಕ್ಕಳ ಹೊಟ್ಟೆ ತಣ್ಣಗಿರಲಿ!” ಎಂದು ಫೋನಿಟ್ಟಳು.

ಬಲ ಅಷ್ಟೇ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಫೇಸ್ ಕೊಟ್ಟು ಮತ್ತೆ ಕಳಿಸಿದಳು. ಖಾಲಿ ಜಾಗ ಗುಡಿಸಿದ ಅಂಗಳದ ಹಾಗೆ ಸ್ವಚ್ಛವಾಗಿತ್ತು!

ಅವಳು ಚೀಫ್ ಕೋಣೆಗೆ ಓಡಿದಳು. ಚೀಫ್ ವರ್ಗಾವಣೆಯ ಕಾಗದ ಮುಂದಿಟ್ಟು ಪೆನ್ನು ಹಿಡಿದು ಕೂತಿದ್ದರು; ಅವನು ತಲೆ ತಗ್ಗಿಸಿ ಎದುರು ನಿಂತಿದ್ದ.

“ಸಾರ್, ಸಹಿ ಹಾಕ್ಬೇಡಿ! ತಪ್ಪು ಆಂಪ್ಲಿಫೈಯರ್‌ದಲ್ಲ... ನಂದು!”

ಚೀಫ್ ಲ್ಯಾಬಿಗೆ ಬಂದು ಕಣ್ಣಾರೆ ನೋಡಿದರು. “ಕತ್ತರಿ ತನ್ನ ಬೆರಳನ್ನೇ ಕತ್ತರಿಸ್ಕೊಳ್ತಲ್ಲಮ್ಮಾ!” ಎಂದು ನಕ್ಕು, ಅವನ ಬೆನ್ನು ತಟ್ಟಿದರು. “ಎಲ್ಲೂ ಹೋಗ್ಬೇಡಪ್ಪ, ಇಲ್ಲೇ ಇರು.”

ಅವರು ಹೋದ ಮೇಲೆ ಇಬ್ಬರೇ ಉಳಿದರು.

“ಟೋನ್‌ಗಳ ಫೇಸ್ ನೋಡಿ ಅಂತ ನೀವಾದ್ರೂ ಯಾಕೆ ಹೇಳ್ಲಿಲ್ಲ?” ಅವಳಿಗೆ ಅವನ ಮೇಲೆಯೇ ಸಿಟ್ಟು ಬಂದಿತ್ತು.

“ನಿಮ್ಮನ್ನ ಅನುಮಾನಿಸೋಕೆ ಮನಸ್ಸು ಬರ್ಲಿಲ್ಲ.”

ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

“ಬೇರೆಯವರದ್ದಾಗಿದ್ರೆ ಇನ್ನೊಂದ್ಸಲ ನೋಡ್ತಿದ್ದೆ. ನಿಮ್ಮದು ಅಂತಲೇ ನೋಡ್ಲಿಲ್ಲ... ನನ್ನ ಮನಸ್ಸಲ್ಲಿರೋದು ಊರಿಗೆಲ್ಲ ಗೊತ್ತಾಗುತ್ತೆ ಅಂತ ಭಯ!”

“ಮನಸ್ಸಲ್ಲಿ ಏನಿದೆ?”

“ನೀವೇ ಇದ್ದೀರ! ಇನ್ನೇನಿರುತ್ತೆ?”

ಅವನು ಗೋಡೆಗೆ ಒರಗಿದ. ಮುಖದ ತುಂಬ ನಗು ಹರಡಿತು. “ನಾನು ದಿನಾ ಏನಾದ್ರೂ ನೆಪ ಮಾಡ್ಕೊಂಡು ಈ ಲ್ಯಾಬಿಗೆ ಬರ್ತಿದ್ದೆ. ನೀವು ಮುಖ ತಿರುಗಿಸ್ತಿದ್ರಿ.”

“ಇನ್ಮೇಲೆ ತಿರುಗಿಸಲ್ಲ. ಆದ್ರೆ ಕೇಳಿ... ನಿಮ್ಮದು ನಿಜವಾಗ್ಲೂ ಕೆಟ್ಟಿದ್ರೆ, ಫೇಲ್ ಅಂತಲೇ ಬರೀತೀನಿ!”

“ಬರೀರಿ. ಬರೆದಾದ್ಮೇಲೆ ನನ್ನ ಪಕ್ಕ ಕೂತು ಊಟ ಮಾಡಿ, ಅಷ್ಟು ಸಾಕು.”

“ಇವತ್ತಿಂದಲೇ?”

“ಇವತ್ತಿಂದಲೇ. ಡಬ್ಬಿ ತಗೊಂಡು ಬರ್ತೀನಿ, ಇರಿ.”