ಹತ್ತಿ ಗೋದಾಮಿನಿಂದ ರಾಗಿಣಿ

ರಾಗಿಣಿ ಗೋದಾಮಿನ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು.

"ಏನ್ ಮೇಡಂ, ಹಾಸಿಗೆ ತಗೊಳ್ಳೋಕೆ ಬಂದ್ರಾ, ಭಜನೆ ಮಾಡೋಕೆ ಬಂದ್ರಾ?"

ಬೆಚ್ಚಿ ತಿರುಗಿದಳು. ಹತ್ತಿ ಮೂಟೆಗಳ ಸಂದಿಯಿಂದ ಒಬ್ಬ ಯುವಕ ಎದ್ದು ಬಂದ. ಹುಬ್ಬು, ಮೀಸೆಯ ಮೇಲೆಲ್ಲ ಹತ್ತಿಯ ಎಳೆ. ರಾಗಿಣಿಗೆ ನಗು ಉಕ್ಕಿ ಬಂತು, ತಡೆದುಕೊಂಡಳು.

"ದನಿ ಮಾರ್ದನಿ ಕೊಡುತ್ತಾ ಅಂತ ನೋಡಿದೆ... ಒಂಚೂರೂ ಇಲ್ಲ!"

"ಅದು ಒಳ್ಳೇದಾ, ಕೆಟ್ಟದ್ದಾ?"

"ಪಾಡ್‌ಕಾಸ್ಟ್ ಮಾಡೋರಿಗೆ ಇದು ಸ್ವರ್ಗ ಕಣ್ರೀ!"

ಅವನು ಜೀವನ್. ನಾಯಂಡಹಳ್ಳಿಯ ಆ ಹಾಸಿಗೆ ಅಂಗಡಿ, ಅದರ ಹಿಂದಿನ ಗೋದಾಮು ಅವನದೇ. ರಾಗಿಣಿ ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಕೂಗಿ ಒಳಗೆ ಕಳುಹಿಸುವ ಕೆಲಸದವಳು. ಅವಳ ತಂದೆ ಪದ್ಮನಾಭಯ್ಯನವರು ಏಕಾದಶಿಯ ಸಂಜೆ ಬೀದಿಯ ದೇವಸ್ಥಾನದಲ್ಲಿ ದೇವರ ಕಥೆ ಹೇಳುತ್ತಿದ್ದರು. ಹೋದ ವರ್ಷ ಹರಿಪಾದ ಸೇರಿದರು. ಹೋದವರು ಬರುವುದಿಲ್ಲ. ಅವರ ಕಥೆಗಳಾದರೂ ಉಳಿಯಬೇಕು, ತನ್ನ ಬಾಯಿಂದಲೇ ಜನರನ್ನು ಮುಟ್ಟಬೇಕು ಎಂಬುದು ಮಗಳ ಹಟ.

ಬಾಡಿಗೆ ಮನೆಯಲ್ಲಿ ಕಂಬಳಿ ಹೊದ್ದು ಕುಳಿತು ಫೋನಿನಲ್ಲಿ ಕಥೆ ರೆಕಾರ್ಡ್ ಮಾಡಿ ನೋಡಿದಳು. ಬೆವರು ಇಳಿಯಿತೇ ಹೊರತು ಪಕ್ಕದ ಮನೆಯ ಮಿಕ್ಸಿ, ಸ್ಕೂಟರಿನ ಹಾರನ್, ಸೊಪ್ಪಿನವಳ ಕೂಗು ಕಥೆಯೊಳಗೆ ನುಗ್ಗುವುದು ನಿಲ್ಲಲಿಲ್ಲ. ಸದ್ದು ತಡೆಯಲು ಗೋಡೆಗೆ ಒರಗಿಸುವ ಹಾಸಿಗೆ ಕೊಳ್ಳೋಣವೆಂದು ಬಂದಿದ್ದಳು.

"ಹಾಸಿಗೆ ಯಾಕೆ? ಭಾನುವಾರ ಅಂಗಡಿ ರಜಾ. ಇಲ್ಲೇ ಬಂದು ಹೇಳಿ," ಎಂದ ಜೀವನ್.

"ಅಮ್ಮನ್ನೂ ಕರ್ಕೊಂಡ್ ಬರ್ತೀನಿ."

"ಬರ್ಲಿ. ಕೂರೋಕೆ ಇಲ್ಲಿ ಹಾಸಿಗೆಗೇನು ಬರ!"

ಭಾನುವಾರ ತಾಯಿ ಅನಂತಲಕ್ಷ್ಮಮ್ಮ ಹಾಸಿಗೆಯ ಮೇಲೆ ಕುಳಿತು ಜಪಮಾಲೆ ಹಿಡಿದರು. ರಾಗಿಣಿ ಸೆರಗಿಗೆ ಪುಟ್ಟ ಮೈಕ್ ಸಿಕ್ಕಿಸಿಕೊಂಡಳು. ಕಥೆ ಶುರು ಮಾಡಿದಳು. ಹೇಳಿದ್ದನ್ನು ಕೇಳಿ ನೋಡಿದರೆ ಅಯ್ಯೋ, ರೋಗಿಯನ್ನು ಕೂಗಿದ ಹಾಗೇ ಇತ್ತು!

"ಮೈಕಿಗೆ ಹೇಳ್ಬೇಡಿ," ಎಂದ ಜೀವನ್ ಮೆಲ್ಲಗೆ. "ನನಗೆ ಹೇಳಿ."

ಅವಳು ಅವನ ಕಣ್ಣು ನೋಡಿದಳು. ಆಮೇಲೆ ಮಾತು ತಾನಾಗಿ ಹರಿಯಿತು. ತಂದೆಯ ಕೊನೆಯ ಏಕಾದಶಿಯನ್ನು ಹೇಳಿದಳು. ಗಂಟಲ ಬೇನೆಯಿಂದ ಅವರ ದನಿ ಬರಿಯ ಪಿಸುಮಾತಾಗಿತ್ತು. ಆದರೂ ಜನ ಏಳಲಿಲ್ಲ. ಒಬ್ಬೊಬ್ಬರೇ ಸರಿದು ಸರಿದು ಅವರ ಕಾಲ ಬಳಿಯೇ ಬಂದು ಕುಳಿತರು...

ಅಲ್ಲಿಗೆ ರಾಗಿಣಿಗೆ ಅಳು ಬಂತು. ಅಳುತ್ತಲೇ ಕಥೆ ಮುಗಿಸಿದಳು.

"ಸದ್ದುಗಿದ್ದು ತೆಗೆದು ಸರಿ ಮಾಡಿ ಕಳಿಸ್ತೀನಿ," ಎಂದ ಜೀವನ್. ಆ ಕೆಲಸವನ್ನು ಅವಳಿಗಾಗಿಯೇ ಫೋನಿನಲ್ಲಿ ನೋಡಿ ಕಲಿತಿದ್ದ.

ಮರುದಿನ ಅವನು ಕಳುಹಿಸಿದ್ದನ್ನು ರಾಗಿಣಿ ಎರಡೆರಡು ಸಲ ಕೇಳಿದಳು. ಸಂಜೆಯೇ ಅಂಗಡಿಗೆ ಹೋದಳು.

"ನಮ್ಮಪ್ಪ ಎಲ್ಲಿ?"

"ಅಂದ್ರೆ...?"

"ಕೊನೇ ಏಕಾದಶಿ ಪೂರ್ತಿ ಕತ್ತರಿಸಿದೀರಲ್ಲ! ದನಿ ಹೋದ ಮುದುಕನ ಕಥೆ ಯಾರು ಕೇಳ್ತಾರೆ ಅಂತಾನಾ?"

ಜೀವನ್ ಬಾಯಿ ತೆರೆದ. ಅವಳು ನಿಲ್ಲಲಿಲ್ಲ. 'ಇವನೂ ಅಷ್ಟೇ... ಇವನಿಗೆ ನನ್ನ ಮನಸ್ಸು ಅರ್ಥವಾಗಿದೆ ಅಂದುಕೊಂಡೆನಲ್ಲ!' ಎಂದು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಮುಂದಿನ ಭಾನುವಾರ ಅವಳು ಗೋದಾಮಿಗೆ ಹೋಗಲಿಲ್ಲ. ಏಕಾದಶಿಯ ಬೆಳಿಗ್ಗೆ ಜೀವನ್ ತಾನೇ ಮನೆ ಬಾಗಿಲಿಗೆ ಬಂದ.

"ಬಾಪ್ಪ ಒಳಗೆ," ಎಂದರು ಅನಂತಲಕ್ಷ್ಮಮ್ಮ. "ಇವಳ ಊದಿದ ಮುಖ ನೋಡಿ ನೋಡಿ ನನಗೂ ಸಾಕಾಗಿದೆ."

ಅವನು ತಲೆ ತಗ್ಗಿಸಿ ನಿಂತ. "ಕತ್ತರಿಸಿದ್ದನ್ನೆಲ್ಲ ವಾಪಸ್ ಸೇರಿಸಿದೀನಿ. ಕಥೆ ಚೆನ್ನಾಗಿಲ್ಲ ಅಂತ ತೆಗೀಲಿಲ್ಲ ರಾಗಿಣಿ. ನೀವು ಅಳ್ತಾ ಇದ್ರಿ... ಯಾರೋ ಗುರುತು ಪರಿಚಯ ಇಲ್ಲದವರು ಕೇಳಿ ಆಡ್ಕೊಂಡ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ರಾಗಿಣಿ ಅವನಿಗೆ ಕುರ್ಚಿ ಎಳೆದು ಹಾಕಿದಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ನಾನು ಅತ್ತಿದ್ದು ಹೆಮ್ಮೆಗೆ ಜೀವನ್. ದನಿ ಇಲ್ಲದಿದ್ರೂ ನಮ್ಮಪ್ಪನ ಮಾತಿಗೆ ಜನ ಕಾದು ಕೂತ್ರು. ಅದನ್ನ ಊರು ಕೇಳ್ಲಿ ಅಂತಾನೇ ನಾನು ಮೈಕ್ ಹಿಡಿದಿದ್ದು. ಆಡ್ಕೊಳ್ಳೋರು ಆಡ್ಕೊಳ್ಲಿ ಬಿಡಿ."

ಅಲ್ಲೇ ತಾಯಿಯ ಎದುರಿನಲ್ಲೇ ಫೋನನ್ನು ತನ್ನ ಬೆರಳಿನಿಂದಲೇ ಒತ್ತಿ ಕಥೆಯನ್ನು ಲೋಕಕ್ಕೆ ಬಿಟ್ಟಳು. 'ಹೇಳುವವರು: ಪದ್ಮನಾಭಯ್ಯನವರ ಮಗಳು ರಾಗಿಣಿ.'

ಸಂಜೆ ದೇವಸ್ಥಾನಕ್ಕೆ ಮೂವರೂ ಹೋದರು. ಆಗಲೇ ಫೋನಿನಲ್ಲಿ ಕಥೆ ಕೇಳಿದ್ದ ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು, "ಅಪ್ಪನ ಮಗಳೇ ಸರಿಯಮ್ಮ ನೀನು!" ಎಂದಾಗ ಅನಂತಲಕ್ಷ್ಮಮ್ಮನ ತಲೆ ತಾನಾಗಿ ಎತ್ತರವಾಯಿತು. ತಾಯಿ ಪ್ರದಕ್ಷಿಣೆಗೆ ಹೊರಟಾಗ ಜೀವನ್ ಪಿಸುಗುಟ್ಟಿದ.

"ನನ್ನನ್ನ ಮದುವೆ ಆಗ್ತೀರಾ?"

"ದೇವರ ಮುಂದೆ ಇದೇನ್ರೀ! ಅಮ್ಮನ್ನ ಕೇಳಿ."

"ಬರ್ತಾ ನೀವು ಹೂವು ಕೊಳ್ತಿದ್ದಾಗಲೇ ಕೇಳ್ದೆ. 'ಅವಳನ್ನೇ ಕೇಳಪ್ಪ, ನನ್ನ ಮಾತು ಯಾವತ್ತು ಕೇಳಿದಾಳೆ' ಅಂದ್ರು."

ರಾಗಿಣಿಗೆ ನಗುವೂ ಬಂತು, ಕಣ್ಣೀರೂ ಬಂತು.

"ಮದುವೆ ಆದ್ಮೇಲೂ ನಾನು ಕಥೆ ಹೇಳ್ತೀನಿ. ಇದೇ ಹೆಸರಲ್ಲಿ."

"ಹೇಳು ಕಣೇ," ಎಂದ ಜೀವನ್. "ನಮ್ಮ ಮನೆಯವಳು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ತೀನಿ."

ಆ ಏಕವಚನ ಕೇಳಿ ರಾಗಿಣಿಯ ಕೆನ್ನೆ ಕೆಂಪಾಯಿತು.

"ತಿರುಗೋದು ಆಮೇಲೆ... ಮೊದಲು ತೀರ್ಥ ತಗೋ," ಎಂದಳು.