ಗೋಪುರ ಕಣ್ಣು ಮುಚ್ಚುವ ಮುನ್ನ

"ಗುಡ್ಡದ ಶೆಡ್ಡಿನ ಕೀಲಿ ನಿನ್ನ ಹತ್ರ ಇದೆಯಂತೆ."

ಬಾಗಿಲು ತೆರೆದ ರೇಲೀನಳಿಗೆ ಮೊದಲು ಕಂಡದ್ದು ಒಂದು ಏಣಿ. ಆಮೇಲೆ ಏಣಿ ಹೊತ್ತ ಹೆಗಲು. ಕೊನೆಗೆ, ನೋಡಬಾರದು ಎಂದುಕೊಳ್ಳುತ್ತಲೇ ನೋಡಿಬಿಟ್ಟ ಆ ಮುಖ.

ರಾವಿರಿ!

ಎರಡು ವರ್ಷ. ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಈಗ ಹೊಸ್ತಿಲಲ್ಲಿ ನಿಂತು, ಪಕ್ಕದ ಮನೆಯವನು ಸಕ್ಕರೆ ಕೇಳುವಂತೆ ಕೀಲಿ ಕೇಳುತ್ತಿದ್ದಾನೆ!

ಪೇಟೆಯ ವೃದ್ಧಾಶ್ರಮದ ಪಾಳಿ ಮುಗಿಸಿ ಅವಳು ಆಗಷ್ಟೇ ಮನೆಗೆ ಬಂದಿದ್ದಳು. ಸಮವಸ್ತ್ರ ಬದಲಾಯಿಸಿರಲಿಲ್ಲ. ಕಾಲು ಬಾತಿದ್ದವು. ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಅದು ಅವಳಲ್ಲಿ ಉಳಿದಿರಲಿಲ್ಲ.

"ಮೊದ್ಲು ಹೇಗಿದ್ದೀಯ ಅಂತ ಕೇಳೋದು ನಿಮ್ಮ ಕಂಪನೀಲಿ ಕಲಿಸಲ್ವಾ?"

"ಹೇಗಿದ್ದೀಯ?"

"ಸುಸ್ತಾಗಿದೀನಿ."

"ಕಾಣ್ತಿದೆ."

"ದೊಡ್ಡ ಉಪಕಾರ ಆಯ್ತು. ಬೂಟು ಬಿಚ್ಚಿ ಒಳಗೆ ಬಾ."

ಅವನು ಬೂಟು ಬಿಚ್ಚಲಿಲ್ಲ. ಗೋಡೆಯ ಮೊಳೆಯಿಂದ ಅವಳು ತೆಗೆದುಕೊಟ್ಟ ಕೀಲಿಯನ್ನು ಬೆರಳ ತುದಿಯಲ್ಲಿ ಹಿಡಿದ. ಅವಳ ಬೆರಳಿಗೆ ತನ್ನ ಬೆರಳು ತಾಗದಂತೆ ಹಿಡಿದ ಆ ಎಚ್ಚರ ಅವಳಿಗೆ ಚುಚ್ಚಿತು.

"ಸಾಮಾನು ನೋಡಿ ಸಂಜೆ ವಾಪಸ್ ಕೊಡ್ತೀನಿ. ಭಾನುವಾರ ಗೋಪುರ ಆರಿಸೋದು ನೀನೇ ಅಲ್ವಾ?"

"ನಾನೇ. ಅಪ್ಪ ಇಲ್ವಲ್ಲ."

"ಗೊತ್ತಾಯ್ತು... ಬರಬೇಕಿತ್ತು ನಾನು."

"ಹೌದು, ಬರಬೇಕಿತ್ತು" ಎಂದು ಅವಳು ಬಾಗಿಲು ಮುಚ್ಚಿದಳು.

ವೈಮೀರೊ ಕಣಿವೆಯ ಸುತ್ತ ಬೆಟ್ಟಗಳು ಎಷ್ಟು ಎತ್ತರವೆಂದರೆ, ದೂರದರ್ಶನದ ಅಲೆ ತಾನಾಗಿ ಅಲ್ಲಿಗೆ ಇಳಿದದ್ದೇ ಇಲ್ಲ. ಹಿಂದಿನವರು ಮೀನಿನ ವಡೆ ಮಾರಿ, ಕುರಿ ಹರಾಜು ಹಾಕಿ, ಕಂಬಗಳನ್ನು ಹೆಗಲ ಮೇಲೆ ಹೊತ್ತು ಗುಡ್ಡದ ನೆತ್ತಿಯಲ್ಲಿ ಒಂದು ಗೋಪುರ ನಿಲ್ಲಿಸಿದ್ದರು. ಬೆಟ್ಟದಾಚೆಯ ಅಲೆಯನ್ನು ಹಿಡಿದು ಕಣಿವೆಯ ಮನೆಮನೆಗೆ ಹಂಚುವ ಗೋಪುರ ಅದು. ಅದರ ಕಾವಲುಗಾರ ರೇಲೀನಳ ಅಪ್ಪ ಆರ್ಚಿ. ಆರ್ಚಿಯ ಬಲಗೈ ರಾವಿರಿ.

ಈಗ ದೇಶವೇ ಡಿಜಿಟಲ್‌ಗೆ ಹೊರಳುತ್ತಿತ್ತು. ಭಾನುವಾರ ಕಳೆದರೆ ಹಳೆಯ ಅಲೆ ಇರುವುದಿಲ್ಲ. ಮನೆಮನೆಗೆ ಡಿಶ್ ಕೂರಿಸಿ, ಗೋಪುರ ಬಿಚ್ಚಿಕೊಂಡು ಹೋಗಲು ಕಂಪನಿ ಕಳಿಸಿದ್ದು, ಯಾರನ್ನು ಕಳಿಸಬಾರದಿತ್ತೋ ಅವನನ್ನೇ!

"ಬೇರೆಯವರು ಬಂದು ಆರಿಸೋದು ಬೇಡ" ಎಂದು ಕಣಿವೆಯವರು ತೀರ್ಮಾನಿಸಿದ್ದರು. "ನಾವು ಹಚ್ಚಿದ್ದು, ನಾವೇ ಆರಿಸೋಣ." ಭಾನುವಾರ ಮಧ್ಯಾಹ್ನ ಊರ ಸಭಾಂಗಣದಲ್ಲಿ ಎಲ್ಲರೂ ಹಳೆಯ ಟಿವಿಯ ಮುಂದೆ ಸೇರುವುದು; ಆರ್ಚಿಯ ಮಗಳು ಗುಡ್ಡ ಹತ್ತಿ ಸ್ವಿಚ್ಚು ಒತ್ತುವುದು.

ಆ ಸ್ವಿಚ್ಚಿಗೂ ಅವಳ ಹೃದಯಕ್ಕೂ ಹಳೆಯ ನಂಟು.

ಮೊಬೈಲ್ ಮುಟ್ಟದ ಕಣಿವೆ. ಗುಡ್ಡದ ಕೆಲಸ ಮುಗಿದಾಗ ರಾವಿರಿ ಸ್ವಿಚ್ಚನ್ನು ಎರಡು ಸಲ ಆರಿಸಿ ಹಚ್ಚುತ್ತಿದ್ದ. ಅವಳ ಮನೆಯ ಟಿವಿಯಲ್ಲಿ ಚಿತ್ರ ಹೋಗಿ, ಚುಕ್ಕಿ ಬಂದು, ಮತ್ತೆ ಚಿತ್ರ ಬರುತ್ತಿತ್ತು. 'ಇಳೀತಿದೀನಿ, ಚಹಾಕ್ಕೆ ನೀರಿಡು' ಎಂದರ್ಥ. ಆದರೆ ಅವಳ ಮನೆಯೊಂದರಲ್ಲೇ ಚಿತ್ರ ಹೋಗುತ್ತದೆಯೇ? ಕಣಿವೆಯ ಎಲ್ಲರ ಮನೆಯಲ್ಲೂ ವಾರ್ತೆ ಓದುವವನ ಮಾತು ಅರ್ಧಕ್ಕೆ ತುಂಡಾಗುತ್ತಿತ್ತು. ಕಿಟಕಿ ಕಿಟಕಿಯಿಂದ ಕೂಗು ಬರುತ್ತಿತ್ತು: "ರೇಲೀನ್! ನೀರಿಡೇ, ನಿನ್ನ ಗಂಡು ಇಳೀತಿದ್ದಾನೆ!"

ಆಗ ಅವಳಿಗೆ ನಾಚಿಕೆಯಾಗುತ್ತಿತ್ತು. ಈಗ ನೆನೆದರೆ ಎದೆಯಲ್ಲೊಂದು ಕಲ್ಲು.

ಅಪ್ಪನಿಗೆ ಪಾರ್ಶ್ವವಾಯು ಬಡಿದ ವರ್ಷವೇ ರಾವಿರಿಗೆ ಡಿಜಿಟಲ್ ಕಂಪನಿಯ ಕೆಲಸ ಬಂತು. "ಗೋಪುರ ಕೊಲ್ಲೋಕೆ ಹೊರಟೋನು!" ಎಂದು ಆರ್ಚಿ ಕೂಗಾಡಿದ. ನಡುವೆ ಸಿಕ್ಕಿಕೊಂಡವಳು ರೇಲೀನ್.

"ನನ್ ಜೊತೆ ಬಾ" ಎಂದಿದ್ದ ರಾವಿರಿ.

"ಅಪ್ಪನ್ನ ಬಿಟ್ಟು? ಹೇಗೆ ಬರ್ಲಿ ಹೇಳು. ಹೋಗೋದಿದ್ರೆ ಹೋಗು. ಉಳಿಯೋದಿದ್ರೆ ಬುಧವಾರ ವಾರ್ತೆ ಹೊತ್ತಿಗೆ ಮೂರು ಸಲ ಆರಿಸು. ನಾನೇ ಗುಡ್ಡಕ್ಕೆ ಬರ್ತೀನಿ. ಫೋನ್ ಮಾತ್ರ ಮಾಡ್ಬೇಡ, ಎತ್ತೋದು ಅಪ್ಪ."

ಆ ಬುಧವಾರ ಅವಳು ಕೋಟು ತೊಟ್ಟೇ ಟಿವಿಯ ಮುಂದೆ ಕುಳಿತಿದ್ದಳು. ವಾರ್ತೆ ಶುರುವಾಯಿತು. ವಾರ್ತೆ ಮುಗಿಯಿತು. ಹವಾಮಾನವೂ ಮುಗಿಯಿತು. ಚಿತ್ರ ಒಮ್ಮೆಯೂ ಅಲುಗಲಿಲ್ಲ. "ಇವತ್ತು ಗಾಳಿ ಇಲ್ಲ ನೋಡು, ಚಿತ್ರ ಎಷ್ಟು ಚೆನ್ನಾಗಿದೆ!" ಎಂದು ಅಪ್ಪ ಹಿಗ್ಗಿದ್ದ. ಅವಳು ಎದ್ದು ಕೋಟು ಕಳಚಿಟ್ಟು, ಅಪ್ಪನಿಗೆ ಗಂಜಿ ಕಾಯಿಸಲು ಹೋದಳು.

ಮರುದಿನ ರಾವಿರಿ ಊರಲ್ಲಿರಲಿಲ್ಲ. ಆವತ್ತು ಹತ್ತಿದ ದಣಿವು ಇವತ್ತಿಗೂ ಅವಳ ಮೈಬಿಟ್ಟು ಇಳಿದಿರಲಿಲ್ಲ.

ಈ ಸಲ ಬಂದ ವಾರವೆಲ್ಲ ರಾವಿರಿ ಒಂದೊಂದೇ ಮಾಡು ಹತ್ತಿ ಡಿಶ್ ಕೂರಿಸಿದ. ಕಣಿವೆಯವರು ಅವನಿಗೆ ಚಹಾ ಕೊಟ್ಟರು, ವಡೆ ಕೊಟ್ಟರು. ರೇಲೀನಳ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅವಳ ಮುಂದೆ ಅವನ ಹೆಸರನ್ನೂ ಎತ್ತಲಿಲ್ಲ. ಎಲ್ಲರೂ ತನ್ನನ್ನು ನೋಡಿ ಮಾತು ನುಂಗುತ್ತಾರಲ್ಲ, ಯಾಕೆ?

ಶನಿವಾರ ಅವಳ ಮನೆಯ ಸರದಿ. ಅದೇ ಕೊನೆಯ ಮನೆ.

"ಡಿಶ್ ಎಲ್ಲಿ ಕೂರಿಸ್ಲಿ?"

"ಎಲ್ಲಾದ್ರೂ ಕೂರಿಸು. ಟಿವಿ ನೋಡೋರು ಯಾರು ಇಲ್ಲಿ? ಹಚ್ಚಿದ ಕೂಡ್ಲೇ ನಿದ್ದೆ ಹೋಗ್ತೀನಿ."

"ಡಿಶ್‌ಗೆ ಉತ್ತರದ ಆಕಾಶ ತೆರೆದಿರ್ಬೇಕು. ಹಿಂದಿನ ಗೋಡೆ ನೋಡ್ತೀನಿ."

ಅವನು ಹಿತ್ತಿಲಿಗೆ ಹೋದ. ನೀರಿನ ಟ್ಯಾಂಕಿನ ಹಿಂದೆ ಮುಳ್ಳುಪೊದೆ ಕಡಿಯುವ ಸದ್ದು ಕೇಳಿತು. ಸದ್ದು ನಿಂತಿತು.

"ರೇಲೀನ್... ಇಲ್ಲಿ ಬಾ."

ಅವನ ದನಿಯಲ್ಲಿ ಏನೋ ಇತ್ತು. ಅವಳು ಚಪ್ಪಲಿಯನ್ನೂ ಮೆಟ್ಟದೆ ಹೋದಳು.

ಮುಳ್ಳಿನ ನಡುವೆ, ಪಾಚಿಗಟ್ಟಿದ ಒಂದು ಹಳೆಯ ಡಿಶ್! ಅದರಿಂದ ಹೊರಟ ತಂತಿ ಟ್ಯಾಂಕಿನ ಕಾಲಿಗೆ ಸುತ್ತಿ, ನೆಲದ ಹಲಗೆಯ ಕೆಳಗೆ ನುಸುಳಿ, ಮನೆಯೊಳಗೆ ಹೋಗಿತ್ತು.

"ಇದನ್ನ ಯಾವಾಗ ಹಾಕಿಸಿದ್ರಿ?"

"ನಾವಾ? ಹುಚ್ಚಾ ನಿನಗೆ? ಅಪ್ಪ ಡಿಶ್ ಹಾಕಿಸ್ತಾನಾ! ಸಭೇಲಿ ಮೇಜು ಗುದ್ದಿ, 'ಡಿಶ್ ಹಾಕಿಸ್ದೋನು ಕಣಿವೆ ದ್ರೋಹಿ' ಅಂದೋನು..."

ಅವಳ ಮಾತು ಅಲ್ಲೇ ನಿಂತಿತು. ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದಿದ್ದ ಒಂದು ಪುಟ್ಟ ರಿಮೋಟ್ ನೆನಪಾಯಿತು. ತೀರಿಕೊಂಡ ಅಪ್ಪನ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು. ಯಾವುದರದ್ದೋ ಎಂದು ಎತ್ತಿಟ್ಟಿದ್ದಳು.

ಇಬ್ಬರೂ ಮಂಡಿಯೂರಿ ಟಿವಿಯ ಕಪಾಟು ಎಳೆದರು. ಹಿಂದೆ, ಹಳೆಯ ಟವೆಲ್ಲಿನಡಿ, ಒಂದು ಕಪ್ಪು ಬಾಕ್ಸು. ಅದರ ಬೆನ್ನಿಗೆ, ಕೂರಿಸಿದವರು ತಾರೀಖು ಬರೆದು ಅಂಟಿಸಿದ ಚೀಟಿ. ರಾವಿರಿ ಅದನ್ನು ಓದಿದ, ಮುಖ ಬಿಳಿಚಿಕೊಂಡಿತು.

"ನಾನು ಹೋಗೋಕೆ ಮುಂಚಿನ ವಾರ."

ಪಾಪದ ಮುದುಕ! ಕಣ್ಣು ಮಂಜಾಗಿ, ಚುಕ್ಕಿ ತುಂಬಿದ ಚಿತ್ರದಲ್ಲಿ ರಗ್ಬಿಯ ಚೆಂಡೇ ಕಾಣದೆ, ಮಗಳು ಪಾಳಿಗೆ ಹೋದ ಹೊತ್ತು ನೋಡಿ ಕದ್ದು ಡಿಶ್ ಹಾಕಿಸಿಕೊಂಡಿದ್ದ. ಗೋಪುರದ ಕಾವಲುಗಾರನ ಮನೆಗೇ ಗೋಪುರದ ಚಿತ್ರ ಬೇಡವಾಗಿತ್ತು! ಆ ನಾಚಿಕೆಯನ್ನು ಮುಳ್ಳಿನಡಿ, ಟವೆಲ್ಲಿನಡಿ ಮುಚ್ಚಿಟ್ಟೇ ಸತ್ತಿದ್ದ.

'ಇವತ್ತು ಗಾಳಿ ಇಲ್ಲ ನೋಡು...' ಆಕಾಶದಿಂದ ನೇರ ಬಂದ ಆ ಚಿತ್ರಕ್ಕೆ ಗೋಪುರದ ಸ್ವಿಚ್ಚು ಗೊತ್ತೇ ಇರಲಿಲ್ಲ.

ರೇಲೀನ್ ನೆಲದ ಮೇಲೆ ಹಾಗೇ ಕುಳಿತಳು. "ಬುಧವಾರ... ನೀನು..."

"ಮೂರು ಸಲ ಆರಿಸಿದೆ."

"ಸುಳ್ಳು."

"ಆರಿಸಿ, ಮೆಟ್ಟಿಲ ಮೇಲೆ ಕೂತೆ. ನಿಮ್ಮನೆ ದೀಪ ಕಾಣ್ತಿತ್ತು. ಕತ್ತಲಾದ್ರೂ ನೀನು ಬರ್ಲಿಲ್ಲ."

"ನಾನು ಕೋಟು ಹಾಕ್ಕೊಂಡು ಕೂತಿದ್ದೆ ಕಣೋ!" ಅವಳು ಟವೆಲ್ಲನ್ನು ನೆಲಕ್ಕೆ ಎಸೆದಳು. "ಕೋಟು ಹಾಕ್ಕೊಂಡು... ಹವಾಮಾನ ಮುಗಿಯೋವರೆಗೂ!"

ಇಬ್ಬರಿಗೂ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡಕ್ಕೂ ಬೇಕಾದ ಉಸಿರು ಇಬ್ಬರಲ್ಲೂ ಇರಲಿಲ್ಲ.

ರಾವಿರಿ ಎದ್ದು ಉಪಕರಣಗಳನ್ನು ಚೀಲಕ್ಕೆ ತುಂಬಿದ. "ಸೋಮವಾರ ಬೆಳಿಗ್ಗೆ ದಕ್ಷಿಣಕ್ಕೆ ಹೊರಡ್ತೀನಿ. ಮುಂದಿನ ಕಣಿವೆ."

"ಏನಾದ್ರೂ ಕೇಳು ನನ್ನ" ಎಂದಳು ಅವಳು, ತಲೆ ಎತ್ತದೆ.

"ಕೇಳಲ್ಲ. ಒಂದು ಸಲ ಕೇಳಿ ಎರಡು ವರ್ಷ ಉತ್ತರಕ್ಕೆ ಕಾದಿದೀನಿ. ಇನ್ನೊಂದು ಸಲ ಗುಡ್ಡದ ಮೇಲೆ ಕೂರೋ ಶಕ್ತಿ ನನಗಿಲ್ಲ. ನೀನೂ ದಣಿದಿದ್ದೀಯ. ಮಲಗು."

ಅವಳು ಮಲಗಲಿಲ್ಲ; ನೇರ ಊರ ಸಭಾಂಗಣಕ್ಕೆ ನಡೆದಳು. ರಾವಿರಿಯ ದೊಡ್ಡಮ್ಮ ನೆಸ್ಟಾ ಅಲ್ಲಿನ ಅಡುಗೆಮನೆಯಲ್ಲಿ ನಾಳೆಯ ವಡೆಗೆ ವೈಟ್‌ಬೇಟ್ ಮರಿಮೀನನ್ನು ಮೊಟ್ಟೆಯಲ್ಲಿ ಕಲಸುತ್ತಿದ್ದಳು. ಕಣಿವೆಗೆಲ್ಲ ಅವಳು ಆಂಟಿ ನೆಸ್ಟಾ.

"ಆಂಟಿ, ಆ ಬುಧವಾರ ಟಿವಿ ಮೂರು ಸಲ ಹೋಗಿತ್ತಾ?"

ನೆಸ್ಟಾಳ ಕೈ ನಿಂತಿತು. "ಈಗ ಕೇಳ್ತೀಯಲ್ಲೇ, ಹುಡುಗಿ?"

"ಹೋಗಿತ್ತಾ?"

"ಇಡೀ ಕಣಿವೆ ನೋಡ್ತು. ಮೂರು ಅಂದ್ರೇನು ಅಂತ ನಮಗೇನು ಗೊತ್ತು? ಮದುವೆ ಕೇಳ್ತಿದ್ದಾನೆ ಅಂದ್ಕೊಂಡು ಕಿಟಕೀಲಿ ನಿಂತು ನಿಮ್ಮನೆ ಬಾಗಿಲು ನೋಡಿದ್ವಿ. ನೀನು ಹೊರಗೆ ಬರ್ಲಿಲ್ಲ."

"ಯಾಕೆ ಯಾರೂ ಹೇಳ್ಲಿಲ್ಲ ನನಗೆ?"

"ಒಲ್ಲೆ ಅಂದೋಳ ಹತ್ರ ಹೋಗಿ ಯಾಕೆ ಒಲ್ಲೆ ಅಂತ ಕೇಳೋದಾ? ನಮ್ಮ ಕಡೆ ಅಂಥದ್ದುಂಟಾ?"

"ನಾನು ಒಲ್ಲೆ ಅನ್ಲಿಲ್ಲ ಆಂಟಿ. ನನಗೆ ಕಾಣ್ಲೇ ಇಲ್ಲ."

ಡಿಶ್‌ನ ಕಥೆ ಕೇಳಿ ನೆಸ್ಟಾ ಕಲಸುತ್ತಿದ್ದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಆರ್ಚಿ, ಕಳ್ಳ ಮುದುಕ! ಅದಕ್ಕೇ ರಗ್ಬಿ ಸ್ಕೋರು ನಮಗಿಂತ ಸ್ಪಷ್ಟವಾಗಿ ಹೇಳ್ತಿದ್ದ!" ಆಮೇಲೆ ದನಿ ತಗ್ಗಿಸಿದಳು. "ನಾಳೆ ಸ್ವಿಚ್ಚು ಯಾರ ಕೈಲಿರುತ್ತೆ ಹೇಳು?"

ಭಾನುವಾರ ಮೋಡವಿರಲಿಲ್ಲ. ರೇಲೀನ್ ಒಬ್ಬಳೇ ಗುಡ್ಡ ಹತ್ತಿದಳು. ಕಾಲು ಎತ್ತಿಡುವಾಗಲೆಲ್ಲ ವೃದ್ಧಾಶ್ರಮದ ಮಂಚಗಳು, ಅಪ್ಪನ ಗಂಜಿ ಬಟ್ಟಲು, ಒಗೆದು ಒಗೆದು ಸವೆದ ಹಾಸಿಗೆ ಬಟ್ಟೆ, ಎಲ್ಲವನ್ನೂ ಹೊತ್ತು ಹತ್ತಿದಂತಿತ್ತು.

ಶೆಡ್ಡಿನೊಳಗೆ ಅಪ್ಪನ ಪೈಪಿನ ತಂಬಾಕಿನ ವಾಸನೆ ಇನ್ನೂ ಇತ್ತು. ಅವನ ಕುರ್ಚಿ, ಅವನ ಒಡಕು ಚಹಾ ಕಪ್ಪು. ಯಂತ್ರ ಗುಂಯ್‌ಗುಡುತ್ತಿತ್ತು.

ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

'ಒಂದು ಸಲ ಆರಿಸಿದರೆ ಕೆಲಸ ಮುಗೀತು. ಮನೆಗೆ ಹೋಗಿ ಮಲಗಬಹುದು. ಸೋಮವಾರ ಅವನು ಹೊರಡುತ್ತಾನೆ. ಮತ್ತೆ ಪಾಳಿ, ಮತ್ತೆ ಬಾತ ಕಾಲು. ಇಷ್ಟೇನಾ? ಮೂರು ಸಲ ಆರಿಸಿ ಅವನು ಬರದಿದ್ದರೆ?... ಇಡೀ ಕಣಿವೆ ನೋಡುತ್ತೆ!'

'ನೋಡಲಿ. ಆವತ್ತು ಅವನನ್ನೂ ನೋಡಿತ್ತು.'

ಆರಿಸಿದಳು. ಹಚ್ಚಿದಳು.

ಮತ್ತೆ ಆರಿಸಿದಳು. ಹಚ್ಚಿದಳು. ಇಲ್ಲಿಗೆ ನಿಲ್ಲಿಸಿದರೆ ಬರಿ ಚಹಾ...

ಮೂರನೆಯ ಸಲವೂ ಆರಿಸಿ, ಹಚ್ಚಿ, ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ದಾರಿಯಲ್ಲಿ ಯಾರೂ ಇಲ್ಲ. ಕೆಳಗೆ ನದಿ, ಸಭಾಂಗಣದ ಕೆಂಪು ಮಾಡು. ಎಷ್ಟು ಹೊತ್ತಾಯಿತೋ! ಅವನು ಆವತ್ತು ಕುಳಿತದ್ದೂ ಇದೇ ಮೆಟ್ಟಿಲ ಮೇಲಲ್ಲವೇ? ಕಾಯುವುದೆಂದರೆ ಹೀಗಿರುತ್ತದೆ ಎಂದು ಅವಳ ಮೈಗೆ ಈಗ ತಿಳಿಯಿತು. ಕಣ್ಣು ತುಂಬಿ ದಾರಿಯೇ ಮಸುಕಾಯಿತು.

ಆ ಮಸುಕಿನಲ್ಲಿ ಏನೋ ಅಲುಗಿತು.

ಏದುಸಿರು ಬಿಡುತ್ತ, ಸೊಂಟಕ್ಕೆ ಒಂದು ಕೈ ಕೊಟ್ಟು, ಇನ್ನೊಂದರಲ್ಲಿ ಫ್ಲಾಸ್ಕ್ ಹಿಡಿದು ಅವನು ಹತ್ತುತ್ತಿದ್ದ!

"ಕಂಡಿತಾ?" ಎಂದಳು, ದನಿ ಬಂದಷ್ಟು.

"ಕಂಡಿತು." ಅವನು ಅವಳ ಪಕ್ಕ ಧೊಪ್ಪನೆ ಕುಳಿತ. "ಸಭಾಂಗಣದಲ್ಲಿ ಒಬ್ಬರೂ ಉಸಿರಾಡ್ಲಿಲ್ಲ. ಮೂರನೇದಕ್ಕೆ ಆಂಟಿ ಈ ಫ್ಲಾಸ್ಕ್ ಕೈಗೆ ತುರುಕಿ, 'ಓಡೋ ದಂಡಪಿಂಡ' ಅಂದ್ರು. ಅರ್ಧ ದಾರಿ ಓಡಿದೆ. ಆಮೇಲೆ ಆಗ್ಲಿಲ್ಲ."

"ನಂಗೆ ತುಂಬಾ ಸುಸ್ತಾಗಿದೆ ರಾವಿರಿ."

"ನಂಗೂ. ಒರಗು."

ಅವಳು ಒರಗಿದಳು. ಎರಡು ವರ್ಷದ ಭಾರ ಅವನ ಹೆಗಲಿಗೆ ಇಳಿಯಿತು. ಅವನ ಭಾರವೂ ಅವಳ ಕಡೆಗೆ ವಾಲಿತು. ಒಂದೇ ಮುಚ್ಚಳದಲ್ಲಿ ಇಬ್ಬರೂ ಚಹಾ ಕುಡಿದರು.

"ನಾಳೆ ನಿನ್ನ ಗಾಡೀಲಿ ಇನ್ನೊಬ್ರಿಗೆ ಜಾಗ ಇದೆಯಾ? ಆಶ್ರಮದಲ್ಲಿ ನನ್ನ ರಜೆ ಹಾಗೇ ಉಳಿದಿದೆ. ಏಣಿ ಹಿಡ್ಕೋತೀನಿ. ಆದ್ರೆ ಮೊದಲೆರಡು ದಿನ ಬರೀ ನಿದ್ದೆ ಮಾಡ್ತೀನಿ."

"ಏಣಿ ಗೋಡೆಗೆ ಒರಗಿಸ್ಕೋತೀನಿ. ನೀನು ಮಲ್ಕೋ."

ಕೆಳಗಿನಿಂದ ಯಾರೋ ಕೂಗಿದ್ದು ಗಾಳಿಯಲ್ಲಿ ತೇಲಿಬಂತು: "ಆರಿಸ್ತೀರೋ ಇಲ್ವೋ? ವಡೆ ಆರ್ತಿದೆ!"

ಇಬ್ಬರೂ ಎದ್ದು ಒಳಗೆ ಹೋದರು. ಅವಳ ಬೆರಳ ಮೇಲೆ ಅವನ ಬೆರಳು. ಈ ಸಲ ತಾಗದಂತಿರುವ ಎಚ್ಚರವಿರಲಿಲ್ಲ. ಗುಂಯ್‌ಗುಡುವ ಸದ್ದು ನಿಂತಿತು. ಇಷ್ಟು ವರ್ಷ ಆ ಸದ್ದಿನಡಿ ಅಡಗಿದ್ದ ನದಿಯ ಮೊರೆತ ಶೆಡ್ಡಿನ ತುಂಬ ಹರಡಿತು.

"ಇನ್ಮೇಲೆ ಹೇಗೆ ಕರೀತೀಯ ನನ್ನ?" ಎಂದ ಅವನು ಮೆಲ್ಲಗೆ. "ಗೋಪುರ ಇಲ್ವಲ್ಲ."

"ಬಾಯಿಬಿಟ್ಟು."

"ಕರಿ ನೋಡೋಣ."

"ರಾವಿರಿ..."

"ಬಂದೆ."